ಅಮೆರಿಕದ ಅಂತರ್ಯುದ್ಧ: ಇತಿಹಾಸ ಬರವಣಿಗೆ ಬೆಳೆದ ಬಗೆ

1861ರ ಏಪ್ರಿಲ್ 12ರ ನಸುಕಿನಲ್ಲಿ ಚಾರ್ಲ್‌ಸ್ಟನ್ ಬಂದರಿನ ಸಮ್ಟರ್ ಕೋಟೆಯ ಮೇಲೆ ಬಿದ್ದ ಗುಂಡುಗಳಿಂದ ಮೊದಲಾದ ಅಮೆರಿಕದ ಅಂತರ್ಯುದ್ಧ ನಾಲ್ಕು ವರ್ಷ ನಡೆಯಿತು. ಹನ್ನೊಂದು ರಾಜ್ಯಗಳು ಒಕ್ಕೂಟದಿಂದ ಸಿಡಿದು ಕಾನ್ಫೆಡರಸಿ ಎಂಬ ಬೇರೆ ಸರ್ಕಾರ ಕಟ್ಟಿಕೊಂಡವು. 1865ರ ಏಪ್ರಿಲ್ 9ರಂದು ವರ್ಜೀನಿಯಾದ ಅಪೊಮ್ಯಾಟಕ್ಸ್‌ನಲ್ಲಿ ಕಾನ್ಫೆಡರಸಿಯ ಜನರಲ್ ರಾಬರ್ಟ್ ಲೀ ಶರಣಾಗುವ ಹೊತ್ತಿಗೆ ಆರೇಳು ಲಕ್ಷ ಸೈನಿಕರು ಸತ್ತಿದ್ದರು. ಯುದ್ಧದ ಮುನ್ನಾದಿನ ಗುಲಾಮರಾಗಿದ್ದ ಸುಮಾರು 40 ಲಕ್ಷ ಜನರ ಬಿಡುಗಡೆ ಖಚಿತವಾಗಿತ್ತು. ಈ ಯುದ್ಧದ ಮೇಲೆ ಅಂದಿನಿಂದ ಬಂದ ಪುಸ್ತಕಗಳಿಗೆ ಲೆಕ್ಕವಿಲ್ಲ. ಆದರೆ ಆ 40 ಲಕ್ಷ ಜನ ಅವುಗಳ ಪುಟದೊಳಗೆ ಬರಲು ಬಹಳ ಕಾಲ ಹಿಡಿಯಿತು.

ಯುದ್ಧ ಶುರುವಾದಾಗ ಅದರ ಕಾರಣದ ಬಗ್ಗೆ ದಕ್ಷಿಣದ ನಾಯಕರಿಗೆ ಗೊಂದಲವಿರಲಿಲ್ಲ. ಗುಲಾಮಗಿರಿ ಪಶ್ಚಿಮದ ಹೊಸ ಪ್ರಾಂತಗಳಿಗೆ ಹಬ್ಬಬಾರದು ಎನ್ನುವ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿಯಾಗಿ ಲಿಂಕನ್ 1860ರ ನವೆಂಬರಿನಲ್ಲಿ ಅಧ್ಯಕ್ಷ ಚುನಾವಣೆ ಗೆದ್ದರು. ಡಿಸೆಂಬರ್ 20ರಂದು ದಕ್ಷಿಣ ಕೆರೊಲಿನಾ ಒಕ್ಕೂಟ ಬಿಟ್ಟಿತು. ಅದು ಹೊರಡಿಸಿದ ಕಾರಣಗಳ ಘೋಷಣೆಯ ದೊಡ್ಡ ದೂರೆಂದರೆ, ಓಡಿಹೋದ ಗುಲಾಮರನ್ನು ಉತ್ತರದ ರಾಜ್ಯಗಳು ಹಿಡಿದುಕೊಡುತ್ತಿಲ್ಲ ಎಂಬುದು. ಯುದ್ಧ ನಡೆದದ್ದು ರಾಜ್ಯಗಳ ಹಕ್ಕಿಗಾಗಿ ಎಂದು ಈಗಲೂ ಹೇಳುವವರು ಈ ಘೋಷಣೆಯನ್ನು ಓದಬೇಕು. ಉತ್ತರದ ರಾಜ್ಯಗಳು ತಮ್ಮ ಹಕ್ಕು ಚಲಾಯಿಸಿದ್ದೇ ಅಲ್ಲಿನ ಆಕ್ಷೇಪ. 1861ರ ಮಾರ್ಚ್ 21ರಂದು ಸವಾನಾದಲ್ಲಿ ಮಾತಾಡಿದ ಕಾನ್ಫೆಡರಸಿಯ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್, ಹೊಸ ಸರ್ಕಾರದ ಮೂಲೆಗಲ್ಲು ಕಪ್ಪು ಜನರ ಅಸಮಾನತೆಯೇ ಎಂದು ಬಹಿರಂಗವಾಗಿ ಸಾರಿದರು.

ಸೋತ ಮೇಲೆ ಇದೇ ಸ್ಟೀಫನ್ಸ್ ಎರಡು ಸಂಪುಟ ಬರೆದು, ಅದು ಸಂವಿಧಾನದ ವ್ಯಾಖ್ಯಾನದ ಜಗಳವಾಗಿತ್ತು ಎಂದು ವಾದಿಸಿದರು. ರಿಚ್ಮಂಡ್‌ನ ಪತ್ರಕರ್ತ ಎಡ್ವರ್ಡ್ ಪೊಲಾರ್ಡ್ 1866ರಲ್ಲೇ ತನ್ನ ಪುಸ್ತಕಕ್ಕೆ ‘ಲಾಸ್ಟ್ ಕಾಸ್’ ಎಂದು ಹೆಸರಿಟ್ಟ. ಆ ಹೆಸರು ಒಂದು ಇಡೀ ಪಂಥದ ಗುರುತಾಯಿತು. ಕಾನ್ಫೆಡರಸಿಯ ಅಧ್ಯಕ್ಷರಾಗಿದ್ದ ಜೆಫರ್ಸನ್ ಡೇವಿಸ್, ಜನರಲ್ ಜೂಬಲ್ ಅರ್ಲಿ, 1894ರಲ್ಲಿ ಹುಟ್ಟಿದ ‘ಯುನೈಟೆಡ್ ಡಾಟರ್ಸ್ ಆಫ್ ದಿ ಕಾನ್ಫೆಡರಸಿ’ ಎಲ್ಲರೂ ಇದನ್ನೇ ಪಠ್ಯಪುಸ್ತಕಗಳವರೆಗೆ ಮುಟ್ಟಿಸಿದರು. ಉತ್ತರದ ಕಡೆ 1893ರಿಂದ ಹೊರಬಂದ ಜೇಮ್ಸ್ ಫೋರ್ಡ್ ರೋಡ್ಸ್ ಅವರ ಸಂಪುಟಗಳು ಗುಲಾಮಗಿರಿಯೇ ಕಾರಣವೆಂದು ಒಪ್ಪಿದರೂ ಬಿಡುಗಡೆಯಾದವರನ್ನು ಹಗುರವಾಗಿ ಕಂಡವು. ಸರ್ಕಾರ 1880ರಿಂದ 1901ರವರೆಗೆ ಎರಡೂ ಸೇನೆಗಳ ಪತ್ರ, ವರದಿಗಳನ್ನು 128 ಪುಸ್ತಕಗಳಲ್ಲಿ ಅಚ್ಚು ಹಾಕಿಸಿತು. ಅದಿಲ್ಲದೆ ಈ ಕ್ಷೇತ್ರವೇ ಇಲ್ಲ. ಆದರೆ ಅದು ಅಧಿಕಾರಿಗಳು ಅಧಿಕಾರಿಗಳಿಗೆ ಬರೆದ ಕಾಗದಗಳ ರಾಶಿ. ಅದನ್ನೇ ನೆಚ್ಚಿದವರಿಗೆ ಯುದ್ಧವೆಂದರೆ ದಂಡು ನಡೆಸುವ ಚಾತುರ್ಯದ ಕಥೆಯಾಯಿತು.

1920ರಿಂದ 1940ರವರೆಗೆ ವೃತ್ತಿನಿರತ ಇತಿಹಾಸಕಾರರಲ್ಲಿ ಎರಡು ವಾದಗಳು ನಡೆದವು. ಚಾರ್ಲ್ಸ್ ಮತ್ತು ಮೇರಿ ಬಿಯರ್ಡ್ 1927ರಲ್ಲಿ ಇದನ್ನು ಉತ್ತರದ ಕಾರ್ಖಾನೆದಾರರಿಗೂ ದಕ್ಷಿಣದ ತೋಟದೊಡೆಯರಿಗೂ ನಡೆದ ವರ್ಗಸಂಘರ್ಷವಾಗಿ ಕಂಡರು. ಆರ್ಥಿಕತೆಗೆ ಅವರು ಕೊಟ್ಟ ಒತ್ತು ಬೆಲೆಯುಳ್ಳದ್ದು. ಆದರೆ ದಕ್ಷಿಣದ ಬಂಡವಾಳವೇ ಮನುಷ್ಯರ ರೂಪದಲ್ಲಿತ್ತು ಎಂಬುದಕ್ಕೆ ಅವರ ಚಿತ್ರದಲ್ಲಿ ಸಿಗಬೇಕಾದ ತೂಕ ಸಿಗಲಿಲ್ಲ. ಜೇಮ್ಸ್ ರ್‍ಯಾಂಡಲ್, ಏವರಿ ಕ್ರೇವನ್ ಮೊದಲಾದವರು ಯುದ್ಧವನ್ನು ತಪ್ಪಿಸಬಹುದಿತ್ತು, ಉಗ್ರವಾದಿಗಳೂ ಎಡವಿದ ರಾಜಕಾರಣಿಗಳೂ ಅದನ್ನು ತಂದುಕೊಂಡರು ಎಂದರು. ಮೊದಲ ಮಹಾಯುದ್ಧದಿಂದ ರೋಸಿದ ತಲೆಮಾರಿನ ಮಾತಿದು. ಯುದ್ಧ ತಪ್ಪಿದ್ದರೆ ಗುಲಾಮರು ಎಷ್ಟು ವರ್ಷ ಕಾಯಬೇಕಿತ್ತು ಎಂಬ ಪ್ರಶ್ನೆ ಅವರ ಪುಸ್ತಕಗಳನ್ನು ಕಾಡಲಿಲ್ಲ.

ಇವಕ್ಕೆ ಸಮಾನಾಂತರವಾಗಿ ಇನ್ನೊಂದು ಧಾರೆ ಮೊದಲಿಂದಲೂ ಹರಿಯುತ್ತಿತ್ತು. ಹದಿಹರೆಯದಲ್ಲೇ ಒಕ್ಕೂಟದ ಸೇನೆ ಸೇರಿದ್ದ ಜಾರ್ಜ್ ವಾಷಿಂಗ್ಟನ್ ವಿಲಿಯಮ್ಸ್ 1880ರ ದಶಕದಲ್ಲಿ ಕಪ್ಪು ಸೈನಿಕರ ಇತಿಹಾಸ ಬರೆದರು. ಅದೇ ಸೇನೆಯಲ್ಲಿದ್ದ ಜೋಸೆಫ್ ವಿಲ್ಸನ್ ಕೂಡ ಬರೆದರು. ಸುಮಾರು 1,80,000 ಕಪ್ಪು ಜನ ಸೇನೆ ಸೇರಿದ್ದರು, ಹೆಚ್ಚಿನವರು ಗುಲಾಮರಾಗಿದ್ದವರು, ಸುಮಾರು 40,000 ಮಂದಿ ಮರಳಲಿಲ್ಲ. 1935ರಲ್ಲಿ ಡಬ್ಲ್ಯು. ಇ. ಬಿ. ಡುಬಾಯ್ಸ್ ಅವರ ‘ಬ್ಲ್ಯಾಕ್ ರೀಕನ್‌ಸ್ಟ್ರಕ್ಷನ್’ ಬಂತು. ಗುಲಾಮರು ತೋಟ ಬಿಟ್ಟು ಒಕ್ಕೂಟದ ಪಡೆಗಳತ್ತ ನಡೆದದ್ದನ್ನು ಅವರು ಸಾರ್ವತ್ರಿಕ ಮುಷ್ಕರ ಎಂದು ಕರೆದರು. ದಕ್ಷಿಣದ ಹೊಲದಿಂದ ದುಡಿಮೆಯನ್ನು ಕಿತ್ತು ಉತ್ತರದ ಸೇನೆಗೆ ಸೇರಿಸಿದ್ದೇ ಯುದ್ಧವನ್ನು ನಿರ್ಣಯಿಸಿತು ಎಂಬುದು ಅವರ ವಾದ. ರಾಜಕೀಯ ಒಂದು ಅಧ್ಯಾಯ, ಕಾಳಗ ಇನ್ನೊಂದು ಅಧ್ಯಾಯ ಎಂಬ ಹಳೆಯ ವಿಂಗಡಣೆ ಅಲ್ಲಿ ಮೊದಲ ಸಲ ಮುರಿಯಿತು. ‘ಅಮೆರಿಕನ್ ಹಿಸ್ಟಾರಿಕಲ್ ರಿವ್ಯೂ’ ಈ ಪುಸ್ತಕವನ್ನು ವಿಮರ್ಶೆಗೇ ಎತ್ತಿಕೊಳ್ಳಲಿಲ್ಲ. ಕಪ್ಪು ವಿದ್ವಾಂಸರಿಗೆ ದಕ್ಷಿಣದ ಪತ್ರಾಗಾರಗಳ ಪ್ರವೇಶವೂ ಸುಲಭವಿರಲಿಲ್ಲ. 1939ರಲ್ಲಿ ಜಾನ್ ಹೋಪ್ ಫ್ರ್ಯಾಂಕ್ಲಿನ್ ಉತ್ತರ ಕೆರೊಲಿನಾದ ಪತ್ರಾಗಾರಕ್ಕೆ ಹೋದಾಗ ಅವರೊಬ್ಬರಿಗೆ ಪ್ರತ್ಯೇಕ ಕೋಣೆ ಸಿದ್ಧಪಡಿಸಲಾಯಿತು. ಬಿಳಿಯ ಸಿಬ್ಬಂದಿ ಅವರಿಗೆ ಕಡತ ತಂದುಕೊಡಬಾರದೆಂದು ಉಗ್ರಾಣದ ಕೀಲಿಯನ್ನೂ ಅವರ ಕೈಗೇ ಕೊಟ್ಟರು. ಬಿಳಿಯ ಸಂಶೋಧಕರು ತಕರಾರು ತೆಗೆದ ಮೇಲೆ ಆ ಕೀಲಿಯನ್ನು ಹಿಂದಕ್ಕೆ ಪಡೆದರು.

ಎರಡನೆಯ ಮಹಾಯುದ್ಧದ ನಂತರ ಗಾಳಿ ತಿರುಗಿತು. ಬೆಂಜಮಿನ್ ಕ್ವಾರ್ಲ್ಸ್ 1953ರಲ್ಲಿ, ಡಡ್ಲಿ ಕಾರ್ನಿಷ್ 1956ರಲ್ಲಿ ಕಪ್ಪು ಜನರ ಯುದ್ಧವನ್ನು ಹೊಸದಾಗಿ ಬರೆದರು. ಜನಪ್ರಿಯ ಬರವಣಿಗೆ ಮಾತ್ರ ಬ್ರೂಸ್ ಕ್ಯಾಟನ್, ಶೆಲ್ಬಿ ಫುಟ್ ಅವರ ಸೊಗಸಾದ ಕದನಕಥನಗಳ ಹಿಂದೆ ಹೋಯಿತು. 1961ರ ಶತಮಾನೋತ್ಸವದ ಸಭೆಗೆ ನ್ಯೂಜೆರ್ಸಿಯಿಂದ ಬರಬೇಕಿದ್ದ ಕಪ್ಪು ಪ್ರತಿನಿಧಿಗೆ ಚಾರ್ಲ್‌ಸ್ಟನ್‌ನ ಹೋಟೆಲಿನಲ್ಲಿ ಕೋಣೆ ನಿರಾಕರಿಸಿದರು. ಅಧ್ಯಕ್ಷ ಕೆನಡಿ ಮಧ್ಯೆ ಬಂದು ಸಭೆಯನ್ನು ನೌಕಾನೆಲೆಗೆ ಸಾಗಿಸಬೇಕಾಯಿತು. ಯುದ್ಧದ ನೆನಪನ್ನು ಯಾರು ಯಾರಿಗಾಗಿ ಕಾಪಾಡುತ್ತಿದ್ದಾರೆ ಎಂಬುದು ಆ ಘಟನೆಯಿಂದ ಎಲ್ಲರಿಗೂ ಕಂಡಿತು.

ಕ್ಷೇತ್ರದ ನಿಜವಾದ ತಿರುವು 1976ರಲ್ಲಿ ಆರಂಭವಾಯಿತು. ಆಯ್ರಾ ಬರ್ಲಿನ್ ನೇತೃತ್ವದಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ತಂಡವೊಂದು ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಕುಳಿತು, ಸೇನಾ ಕಡತಗಳ ನಡುವೆ ಹೂತುಹೋಗಿದ್ದ ಗುಲಾಮರ ಅರ್ಜಿ, ಹೇಳಿಕೆ, ಕಾಗದಗಳನ್ನು ಹುಡುಕತೊಡಗಿತು. ಅವುಗಳ ಮೊದಲ ಸಂಪುಟ 1982ರಲ್ಲಿ ಅಚ್ಚಾಯಿತು. ಓದುಬರಹ ಕಾನೂನಿನಿಂದಲೋ ಕಟ್ಟುಪಾಡಿನಿಂದಲೋ ನಿಷಿದ್ಧವಾಗಿದ್ದ ಜನರ ದಾಖಲೆ ಉಳಿದಿರಲಾರದು ಎಂಬ ನಂಬಿಕೆ ಅಲ್ಲಿಗೆ ಸುಳ್ಳಾಯಿತು.

ಆ ದಾಖಲೆಗಳಲ್ಲಿ ಒಂದು, ಸೈನಿಕ ಸ್ಪಾಟ್ಸ್‌ವುಡ್ ರೈಸ್ 1864ರ ಸೆಪ್ಟೆಂಬರಿನಲ್ಲಿ ಮಿಸೌರಿಯ ಸೇಂಟ್ ಲೂಯಿಸ್‌ನ ಸೇನಾ ಆಸ್ಪತ್ರೆಯ ಹಾಸಿಗೆಯಿಂದ ಬರೆದದ್ದು. ಮಿಸೌರಿ ಒಕ್ಕೂಟದಲ್ಲೇ ಉಳಿದಿದ್ದ ಗುಲಾಮ ರಾಜ್ಯವಾದ್ದರಿಂದ ಲಿಂಕನ್ನರ 1863ರ ಬಿಡುಗಡೆಯ ಘೋಷಣೆ ಅಲ್ಲಿಗೆ ಅನ್ವಯಿಸುತ್ತಿರಲಿಲ್ಲ. ರೈಸ್‌ನ ಹೆಣ್ಣುಮಕ್ಕಳು ಇನ್ನೂ ಗುಲಾಮಗಿರಿಯಲ್ಲೇ ಇದ್ದರು. ಜೀವ ಹೋದರೂ ಸರಿ, ನಿಮ್ಮನ್ನು ಬಿಡಿಸಿಕೊಳ್ಳುತ್ತೇನೆ ಎಂದು ಅವನು ಮಕ್ಕಳಿಗೆ ಬರೆದ. ಒಡತಿ ಕಿಟ್ಟಿ ಡಿಗ್ಸ್‌ಗೆ ಬರೆದ ಕಾಗದದಲ್ಲಿ, ಮಗಳು ದೇವರು ತನಗೆ ಕೊಟ್ಟವಳು, ಅವಳನ್ನು ಇಟ್ಟುಕೊಂಡಷ್ಟೂ ದಿನ ನಿನ್ನ ನರಕ ಬೆಳೆಯುತ್ತದೆ, ಸೈನ್ಯದೊಡನೆ ಬರುತ್ತಿದ್ದೇನೆ ಎಂದ. ಈ ಕಾಗದಗಳು ಉಳಿದದ್ದು ಡಿಗ್ಸ್ ಮನೆಯವರು ಕೋಪದಿಂದ ಅವನ್ನು ದೂರಿನ ಜೊತೆ ಅಲ್ಲಿನ ಒಕ್ಕೂಟ ಸೇನೆಯ ಮುಖ್ಯಸ್ಥ ಜನರಲ್ ರೋಸ್‌ಕ್ರಾನ್ಸ್‌ಗೆ ಕಳಿಸಿದ್ದರಿಂದ. ಎಪ್ಪತ್ತು ವರ್ಷಗಳ ಮೇಲೆ, ಮಾಜಿ ಗುಲಾಮರ ಸಂದರ್ಶನ ಮಾಡುತ್ತಿದ್ದ ಸರ್ಕಾರಿ ಯೋಜನೆಯವರಿಗೆ ಸೇಂಟ್ ಲೂಯಿಸ್‌ನಲ್ಲಿ ಮೇರಿ ಬೆಲ್ ಎಂಬ ಮುದುಕಿ ಸಿಕ್ಕರು. ತನ್ನ ಒಡತಿ ಕಿಟ್ಟಿ ಡಿಗ್ಸ್, ತಂದೆ ಸ್ಪಾಟ್ಸ್‌ವುಡ್ ರೈಸ್ ಎಂದು ಆಕೆ ಹೇಳಿದರು. ಮೇರಿಲ್ಯಾಂಡ್ ತಂಡದ ಶ್ರಮವಿಲ್ಲದಿದ್ದರೆ ತಂದೆಯ ಕಾಗದವೂ ಮಗಳ ಮಾತೂ ಒಂದಕ್ಕೊಂದು ಸಿಗುತ್ತಲೇ ಇರಲಿಲ್ಲವೇನೋ.

ಕಾಯಿದೆಗಳ ಕಾಲಕ್ರಮವೂ ಈ ದಾಖಲೆಗಳ ಬೆಳಕಿನಲ್ಲಿ ಬೇರೆಯಾಗಿ ಕಂಡಿತು. 1861ರ ಮೇ 23ರ ರಾತ್ರಿ ಫ್ರ್ಯಾಂಕ್ ಬೇಕರ್, ಶೆಪರ್ಡ್ ಮ್ಯಾಲರಿ, ಜೇಮ್ಸ್ ಟೌನ್ಸೆಂಡ್ ಎಂಬ ಮೂವರು ಕಾನ್ಫೆಡರಸಿಯ ಫಿರಂಗಿ ದಿಬ್ಬ ಕಟ್ಟುವ ಬಿಟ್ಟಿ ಕೆಲಸದಿಂದ ತಪ್ಪಿಸಿಕೊಂಡು, ದೋಣಿಯಲ್ಲಿ ವರ್ಜೀನಿಯಾದ ಮನ್ರೋ ಕೋಟೆ ಸೇರಿದರು. ಹಿಂತಿರುಗಿಸಿ ಎಂದು ಒಡೆಯನ ಕಡೆಯವರು ಕೇಳಿದಾಗ ಜನರಲ್ ಬೆಂಜಮಿನ್ ಬಟ್ಲರ್, ವರ್ಜೀನಿಯಾ ತಾನು ಪರದೇಶವೆಂದ ಮೇಲೆ ಅಮೆರಿಕದ ಕಾಯಿದೆಯನ್ನು ಕೇಳುವಂತಿಲ್ಲ ಎಂದು ಅವರನ್ನು ಯುದ್ಧದ ಮುಟ್ಟುಗೋಲು ಸೊತ್ತಾಗಿ ಉಳಿಸಿಕೊಂಡರು. ಸುದ್ದಿ ಹರಡಿ ಗುಂಪುಗುಂಪಾಗಿ ಜನ ಬಂದರು. ಆಗಸ್ಟ್ 6ರಂದು ಕಾಂಗ್ರೆಸ್ ಮೊದಲ ಮುಟ್ಟುಗೋಲು ಕಾಯಿದೆ ಮಾಡಿತು, ಮರುವರ್ಷ ಜುಲೈ 17ರಂದು ಎರಡನೆಯದನ್ನು. ಆಂಟೀಟಮ್ ಕಾಳಗದ ಐದು ದಿನಗಳ ನಂತರ, 1862ರ ಸೆಪ್ಟೆಂಬರ್ 22ರಂದು, ಲಿಂಕನ್ ಮುನ್ಸೂಚನೆ ಕೊಟ್ಟು 1863ರ ಜನವರಿ 1ರಂದು ಬಿಡುಗಡೆ ಘೋಷಿಸಿದರು. ಮೂವರು ಹುಟ್ಟು ಹಾಕಿದ ರಾತ್ರಿಯನ್ನು ಬಿಟ್ಟು ಈ ಸರಣಿಯನ್ನು ವಿವರಿಸಲಾಗದು.

ಹಾಗಾದರೆ ಗುಲಾಮರನ್ನು ಬಿಡಿಸಿದವರು ಯಾರು ಎಂಬ ವಾಗ್ವಾದ 1990ರ ದಶಕದಲ್ಲಿ ಕಾವೇರಿತು. 1988ರ ‘ಬ್ಯಾಟಲ್ ಕ್ರೈ ಆಫ್ ಫ್ರೀಡಂ’ ಬರೆದ ಜೇಮ್ಸ್ ಮೆಕ್‌ಫರ್ಸನ್, ಲಿಂಕನ್ ಮತ್ತು ಸೇನೆ ಇಲ್ಲದಿದ್ದರೆ ಓಡಿಬಂದವರಿಗೆ ಓಡಿಬರಲು ಜಾಗವೇ ಇರುತ್ತಿರಲಿಲ್ಲ ಎಂದರು. ಬರ್ಲಿನ್, ಓಡಿಬಂದವರಿಲ್ಲದೆ ಲಿಂಕನ್ನರಿಗೆ ಆ ಪ್ರಶ್ನೆಯೇ ಎದುರಾಗುತ್ತಿರಲಿಲ್ಲ ಎಂದರು. 2012ರಲ್ಲಿ ಜೇಮ್ಸ್ ಓಕ್ಸ್, ರಿಪಬ್ಲಿಕನ್ ಪಕ್ಷ ಯುದ್ಧದ ಮೊದಲ ತಿಂಗಳುಗಳಿಂದಲೇ ಬಿಡುಗಡೆಯ ದಾರಿ ಹಿಡಿದಿತ್ತೆಂದು ತೋರಿಸಿ ವಾದವನ್ನು ಮತ್ತೆ ವಾಷಿಂಗ್ಟನ್ನಿನತ್ತ ತಿರುಗಿಸಿದರು. ಮೂವರ ವಾದಕ್ಕೂ ಗಟ್ಟಿ ಪುರಾವೆಯಿದೆ. ಆದರೆ ಹೊಸ ದಾಖಲೆಗಳನ್ನು ಕೊಟ್ಟದ್ದು ಬರ್ಲಿನ್ ತಂಡ.

ಕಾರಣದ ಪ್ರಶ್ನೆಯನ್ನು ಚಾರ್ಲ್ಸ್ ಡ್ಯೂ 2001ರಲ್ಲಿ ಬಹುಮಟ್ಟಿಗೆ ಮುಗಿಸಿದರು. ಪ್ರತ್ಯೇಕವಾದ ರಾಜ್ಯಗಳು ಉಳಿದ ಗುಲಾಮ ರಾಜ್ಯಗಳ ಮನವೊಲಿಸಲು ಕಳಿಸಿದ ರಾಯಭಾರಿಗಳ ಭಾಷಣಗಳನ್ನು ಅವರು ಓದಿದರು. ಅಲ್ಲಿ ಸುಂಕದ ಮಾತು ಅಪರೂಪ, ಗುಲಾಮರ ದಂಗೆ ಮತ್ತು ಸಮಾನತೆಯ ಭಯ ಪುಟಪುಟದಲ್ಲಿ. ಚಾಂಡ್ರಾ ಮ್ಯಾನಿಂಗ್ 2007ರಲ್ಲಿ ಸಾಮಾನ್ಯ ಸೈನಿಕರ ಕಾಗದ ಮತ್ತು ದಳಗಳ ಪತ್ರಿಕೆಗಳಿಂದ ಅದೇ ತೀರ್ಮಾನಕ್ಕೆ ಬಂದರು. ಒಕ್ಕೂಟದ ಹೆಚ್ಚಿನ ಸೈನಿಕರಿಗೆ ಒಕ್ಕೂಟದ ಉಳಿವೇ ಮೊದಲ ಗುರಿಯಾಗಿತ್ತು ಎಂದು ಗ್ಯಾರಿ ಗ್ಯಾಲಗರ್ 2011ರಲ್ಲಿ ಎಚ್ಚರಿಸಿದರು; ಆ ಎಚ್ಚರ ಬೇಕಾದದ್ದೇ.

ಸೇನಾ ಇತಿಹಾಸವೂ ಇದರಿಂದ ಬದಲಾಯಿತು. ಕಪ್ಪು ಸೈನಿಕರನ್ನು ಯುದ್ಧಕೈದಿಗಳೆಂದು ಒಪ್ಪಲು ಕಾನ್ಫೆಡರಸಿ ನಿರಾಕರಿಸಿದ್ದು 1863ರಲ್ಲಿ ಕೈದಿಗಳ ವಿನಿಮಯ ಮುರಿಯಲು ದೊಡ್ಡ ಕಾರಣ. ಮರುವರ್ಷ ತೆರೆದ ಜಾರ್ಜಿಯಾದ ಆಂಡರ್ಸನ್‌ವಿಲ್ ಶಿಬಿರದಲ್ಲಿ ಸುಮಾರು 13,000 ಒಕ್ಕೂಟದ ಸೈನಿಕರು ಸತ್ತದ್ದನ್ನು ಈ ಹಿನ್ನೆಲೆ ಬಿಟ್ಟು ಹೇಳಲಾಗದು. 1864ರ ಏಪ್ರಿಲ್ 12ರಂದು ಪಿಲ್ಲೋ ಕೋಟೆಯಲ್ಲಿ ಶರಣಾಗುತ್ತಿದ್ದ ಕಪ್ಪು ಸೈನಿಕರ ಕೊಲೆಯನ್ನು ಹಳೆಯ ಪುಸ್ತಕಗಳು ವಿವಾದಾಸ್ಪದ ಎಂದು ತೇಲಿಸುತ್ತಿದ್ದವು. ಈಗ ಹಾಗೆ ಬರೆಯುವ ಇತಿಹಾಸಕಾರರು ವಿರಳ. ಹೊಸ ಸುಳ್ಳೊಂದು ಮಾತ್ರ ಅಂತರ್ಜಾಲದಲ್ಲಿ ಚಾಲ್ತಿಯಲ್ಲಿದೆ: ಸಾವಿರಾರು ಕಪ್ಪು ಜನ ಕಾನ್ಫೆಡರಸಿಗಾಗಿ ಸ್ವಇಚ್ಛೆಯಿಂದ ಹೋರಾಡಿದರು ಎಂಬುದು. 2010ರಲ್ಲಿ ವರ್ಜೀನಿಯಾದ ಶಾಲಾ ಪುಸ್ತಕವೊಂದರಲ್ಲೂ ಅದು ಸೇರಿಕೊಂಡಿತ್ತು. ಗುಲಾಮರನ್ನು ಸೇನೆಗೆ ಸೇರಿಸೋಣವೆಂದು ಜನರಲ್ ಪ್ಯಾಟ್ರಿಕ್ ಕ್ಲೆಬರ್ನ್ 1864ರ ಜನವರಿಯಲ್ಲಿ ಸೂಚಿಸಿದಾಗ ಕಾನ್ಫೆಡರಸಿಯ ಸರ್ಕಾರ ಆ ಸೂಚನೆಯನ್ನು ಮುಚ್ಚಿಹಾಕಿತು. ಕಾಯಿದೆಯಾದದ್ದು 1865ರ ಮಾರ್ಚ್‌ನಲ್ಲಿ, ಶರಣಾಗತಿಗೆ ನಾಲ್ಕು ವಾರ ಇದ್ದಾಗ. ಬ್ರೂಸ್ ಲೆವೀನ್ ಮತ್ತು ಕೆವಿನ್ ಲೆವಿನ್ ಅವರ ಪುಸ್ತಕಗಳ ನಂತರ ಈ ಕಟ್ಟುಕಥೆಗೆ ವಿದ್ವತ್ತಿನ ಆಧಾರವಿಲ್ಲ.

ಇತ್ತೀಚಿನ ಬರವಣಿಗೆ ಹಲವು ದಿಕ್ಕಿಗೆ ಹರಡಿದೆ. ಥಾವೋಲಿಯಾ ಗ್ಲಿಂಫ್ ಮತ್ತು ಸ್ಟೆಫನಿ ಮೆಕ್‌ಕರಿ ಹೆಂಗಸರನ್ನು ಯುದ್ಧದ ರಾಜಕೀಯದ ನಡುವೆ ತಂದರು. ಜಿಮ್ ಡೌನ್ಸ್ 2012ರಲ್ಲಿ, ಬಿಡುಗಡೆಯ ಹಾದಿಯಲ್ಲಿ ಸಿಡುಬು, ಹಸಿವಿನಿಂದ ಸತ್ತವರ ಕಡೆ ಗಮನ ಸೆಳೆದರು. ಸೈನಿಕರ ಸಾವು 6,20,000 ಎಂಬ ಹಳೆಯ ಅಂಕಿಯನ್ನು ಡೇವಿಡ್ ಹ್ಯಾಕರ್ 2011ರಲ್ಲಿ ಜನಗಣತಿಯ ಆಧಾರದಿಂದ ಸುಮಾರು 7,50,000ಕ್ಕೆ ಏರಿಸಿದರು. ನಿರಾಶ್ರಿತರ ಶಿಬಿರಗಳಲ್ಲಿ ಸತ್ತ ಕಪ್ಪು ನಾಗರಿಕರು ಈ ಎರಡೂ ಅಂಕಿಗಳಲ್ಲಿ ಇಲ್ಲ.

ಹತ್ತಿಯ ದಾರಿ ಹಿಡಿದು ಯುದ್ಧವನ್ನು ಲೋಕದ ಇತಿಹಾಸಕ್ಕೆ ಜೋಡಿಸುವ ಕೆಲಸ ಸ್ವೆನ್ ಬೆಕರ್ಟ್ ಅವರ 2014ರ ಪುಸ್ತಕದಿಂದ ವೇಗ ಪಡೆಯಿತು. ಯುದ್ಧಕ್ಕೆ ಮುಂಚೆ ಬ್ರಿಟನ್ನಿನ ಗಿರಣಿಗಳ ಹತ್ತಿಯಲ್ಲಿ ಮುಕ್ಕಾಲು ಪಾಲು ಅಮೆರಿಕದ ದಕ್ಷಿಣದಿಂದ ಬರುತ್ತಿತ್ತು. ಒಕ್ಕೂಟದ ನೌಕಾಪಡೆ ಬಂದರುಗಳನ್ನು ದಿಗ್ಬಂಧಿಸಿದಾಗ ಮ್ಯಾಂಚೆಸ್ಟರ್‌ನ ಕಣ್ಣು ಭಾರತದ ಕಡೆ ಹೊರಳಿತು. ಅಮೆರಿಕದ ಬೀಜದಿಂದ ಬೆಳೆದ ಹತ್ತಿ ಧಾರವಾಡ ಸೀಮೆಯಲ್ಲಿ ಆಗಲೇ ನೆಲೆಯೂರಿತ್ತು. ಅದನ್ನು ಸಾಗಿಸಲು ಕಾರವಾರ ಬಂದರನ್ನು ಬೆಳೆಸುವ ಉದ್ದೇಶದ ಜೊತೆಗೇ ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. 1865ರಲ್ಲಿ ಶಾಂತಿಯ ಸುದ್ದಿ ಬಂದದ್ದೇ ತಡ, ಬೆಲೆ ಕುಸಿಯಿತು. ಈ ಏರಿಳಿತವನ್ನು ಹೆಚ್ಚಾಗಿ ಲಿವರ್‌ಪೂಲ್ ಮತ್ತು ಮುಂಬಯಿಯ ವರ್ತಕರ ಕಾಗದಗಳಿಂದ ಬರೆಯಲಾಗಿದೆ. ಬೆಳೆದವರ ಕಡೆಯ ಇತಿಹಾಸಕ್ಕೆ ಮುಂಬಯಿ ಪ್ರಾಂತದ ಕಂದಾಯ ದಫ್ತರಗಳನ್ನು ಕನ್ನಡ ಬಲ್ಲವರು ಓದಬೇಕಿದೆ.

ಅಮೆರಿಕದಲ್ಲೇ ಉಳಿದಿರುವ ದೊಡ್ಡ ಕೆಲಸವೆಂದರೆ ಪಿಂಚಣಿ ಕಡತಗಳದ್ದು. ಗುಲಾಮರ ಮದುವೆಗೆ ಕಾನೂನಿನ ಮಾನ್ಯತೆ ಇಲ್ಲದಿದ್ದುದರಿಂದ, ಸತ್ತ ಕಪ್ಪು ಸೈನಿಕನ ಹೆಂಡತಿ ತಾನು ಹೆಂಡತಿಯೆಂದು ಸಾಬೀತು ಮಾಡಲು ನೆರೆಹೊರೆಯವರನ್ನು, ಮಾಜಿ ಒಡೆಯರನ್ನು, ಗಂಡನ ಜೊತೆ ಸೇವೆ ಮಾಡಿದವರನ್ನು ಸಾಕ್ಷಿಗೆ ಕರೆತರಬೇಕಿತ್ತು. ತನಿಖಾಧಿಕಾರಿಗಳು ಬರೆದುಕೊಂಡ ಆ ಹೇಳಿಕೆಗಳಲ್ಲಿ ಯಾವ ತೋಟದಲ್ಲಿ ಮದುವೆಯಾಯಿತು, ಯಾರು ಊಟ ಹಾಕಿದರು, ಯಾವ ಮಗು ಮಾರಾಟವಾಯಿತು, ಗಂಡ ಯಾವ ರಾತ್ರಿ ಸೇನೆಗೆ ಹೊರಟ ಎಂಬುದೆಲ್ಲ ಇದೆ. ಒಂದೊಂದು ಕದನದ ಮೇಲೂ ಕಪಾಟು ತುಂಬುವಷ್ಟು ಪುಸ್ತಕಗಳಿರುವ ಕ್ಷೇತ್ರದಲ್ಲಿ ಈ ಕಡತಗಳ ಬಹುಪಾಲನ್ನು ಇನ್ನೂ ಯಾರೂ ಕೂಲಂಕಷವಾಗಿ ಓದಿಲ್ಲ.