ಸೂರ್ಯನ ಕಲೆ, ಹಿಮಾಲಯದ ಹಿಮ, ಐರಣಿಯ ಹೊಳೆ

"ಗ್ಲೋಬಲ್ ವಾರ್ಮಿಂಗ್ ಎಲ್ಲಾ ಬೋಗಸ್ ಬಿಡ್ರಿ" ಅನ್ನೋ ಮಾತು ಆಫೀಸಿನ ಕ್ಯಾಂಟೀನಿನಲ್ಲೂ ಕೇಳಿಸುತ್ತೆ, ನಮ್ಮ ರಾಣೆಬೆನ್ನೂರು ಸಂತೆಯಲ್ಲೂ ಕೇಳಿಸುತ್ತೆ. ಹಾಗನ್ನೋರನ್ನ ದಡ್ಡರು ಅಂತ ತಳ್ಳಿಹಾಕೋದು ಸುಲಭ. ಆದರೆ ಈ ಅನುಮಾನಕ್ಕೂ ಒಂದು ಇತಿಹಾಸ ಇದೆ. ಅದು ನಮ್ಮ ಹೊಳೆದಂಡೆಯಿಂದಲೇ ಶುರುವಾಗುತ್ತೆ.

1876ರಲ್ಲಿ ಮುಂಗಾರು ಕೈಕೊಟ್ಟಿತು. ತುಂಗಭದ್ರೆಯ ದಂಡೆಯ ಐರಣಿ ಆಗ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯೊಳಗಿತ್ತು. ಹೊಳೆಯಾಚೆ ಮೈಸೂರು ಸೀಮೆ. ಅಲ್ಲಿನವರು ಆ ಬರವನ್ನ ಸಂವತ್ಸರಗಳ ಹೆಸರಿನಿಂದ ಧಾತು ಈಶ್ವರ ಬರ ಅಂತ ಕರೆದರು. 1872ರ ಜನಗಣತಿಯಲ್ಲಿ ಧಾರವಾಡ ಜಿಲ್ಲೆಯ ಜನಸಂಖ್ಯೆ ಸುಮಾರು 9.88 ಲಕ್ಷ. 1881ರಲ್ಲಿ ಅದು 8.83 ಲಕ್ಷ. ಬೆಳೆಯಬೇಕಾಗಿದ್ದ ಜಿಲ್ಲೆ ಒಂದು ಲಕ್ಷ ಜನರನ್ನ ಕಳೆದುಕೊಂಡಿತ್ತು.

ಹಿಂಗ್ಯಾಕಾತು ಅನ್ನೋ ಪ್ರಶ್ನೆಗೆ ಲಂಡನ್ನಿನಿಂದ ಥಟ್ಟನೆ ಉತ್ತರ ಬಂತು. 1877ರ ನವೆಂಬರಿನಲ್ಲಿ ಖಗೋಳ ವಿಜ್ಞಾನಿ ನಾರ್ಮನ್ ಲಾಕಿಯರ್ ಮತ್ತು ಅಂಕಿ-ಅಂಶ ಅಧಿಕಾರಿ ಡಬ್ಲ್ಯು. ಡಬ್ಲ್ಯು. ಹಂಟರ್ ಸೇರಿ ಒಂದು ಲೇಖನ ಬರೆದರು. ಸೂರ್ಯನ ಮೇಲಿನ ಕಲೆಗಳು ಹನ್ನೊಂದು ವರ್ಷಕ್ಕೊಮ್ಮೆ ಕಡಿಮೆಯಾಗುತ್ತವೆ, ಆಗ ಮದ್ರಾಸಿನಲ್ಲಿ ಮಳೆ ಕಡಿಮೆ, ಮಳೆ ಕಡಿಮೆಯಾದರೆ ಬರ. ಎಷ್ಟು ಚೊಕ್ಕ ನೋಡಿ! ತಪ್ಪೆಲ್ಲ ಸೂರ್ಯನದು ಅಂದಮೇಲೆ, ಬರಗಾಲದಲ್ಲೂ ದೇಶದಿಂದ ಧಾನ್ಯ ಹಡಗು ಹತ್ತುತ್ತಿದ್ದದ್ದರ ಬಗ್ಗೆ ಯಾರೂ ಕೇಳಬೇಕಿಲ್ಲ.

ಆದರೆ ಅದೇ ವರ್ಷ ರಿಚರ್ಡ್ ಸ್ಟ್ರೇಚಿ ಅನ್ನೋ ಅಧಿಕಾರಿ ಮದ್ರಾಸಿನ ಅದೇ ಮಳೆ ಲೆಕ್ಕ ತೆಗೆದು ಕೂತು, ಈ ಸಂಬಂಧ ಸಾಬೀತಾಗೋದಿಲ್ಲ ಅಂತ ತೋರಿಸಿದ. ಅವನದೂ ಅನುಮಾನವೇ. ಆದರೆ ಅದು ಕೈಬೀಸಿ "ಬೋಗಸ್" ಅಂದಿದ್ದಲ್ಲ, ಲೆಕ್ಕ ಹಾಕಿ ಹೇಳಿದ್ದು.

ಮುಂದೆ ಹವಾಮಾನ ಇಲಾಖೆಯೇ ಮುಂಗಾರಿನ ಮುನ್ಸೂಚನೆ ಕೊಡೋಕೆ ಶುರುಮಾಡಿತು. 1899ರಲ್ಲಿ ಮುಖ್ಯಸ್ಥ ಜಾನ್ ಎಲಿಯಟ್ ಮಳೆ ಚೆನ್ನಾಗಿದೆ ಅಂದರು. ಬಂದದ್ದು ಭೀಕರ ಬರ. ಪತ್ರಿಕೆಗಳು ಜಾಲಾಡಿದವು. ಕೊನೆಗೆ ಕೆಲವು ವರ್ಷ ಮುನ್ಸೂಚನೆಯನ್ನ ಜನರಿಗೆ ಹೇಳದೆ ಗುಟ್ಟಾಗಿಟ್ಟರು. 1904ರಲ್ಲಿ ಬಂದ ಗಣಿತಜ್ಞ ಗಿಲ್ಬರ್ಟ್ ವಾಕರ್ ಮಾತ್ರ ಅವಸರ ಮಾಡಲಿಲ್ಲ. ಜಗತ್ತಿನ ಮೂಲೆಮೂಲೆಯ ಅಂಕಿಗಳನ್ನ ವರ್ಷಗಟ್ಟಲೆ ತಾಳೆ ನೋಡಿ, ಶಾಂತಸಾಗರದ ಎರಡು ಬದಿಯ ವಾಯುಭಾರ ತಕ್ಕಡಿಯ ಹಾಗೆ ಏರಿಳಿಯೋದನ್ನ ಗುರುತಿಸಿದರು. ಇವತ್ತು ನಾವು ಎಲ್ ನಿನೋ ಅನ್ನೋ ವಿದ್ಯಮಾನದ ಇನ್ನೊಂದು ಮುಖ ಅದು. 1877ರ ಬರದ ಹಿಂದೆಯೂ ಬಲವಾದ ಎಲ್ ನಿನೋ ಇತ್ತು ಅನ್ನೋದು ಈಗ ಗೊತ್ತು.

ಪಾಠ ಕಲಿತೆವಾ? 2007ರಲ್ಲಿ ವಿಶ್ವಸಂಸ್ಥೆಯ ಐಪಿಸಿಸಿ ವರದಿ, 2035ರೊಳಗೆ ಹಿಮಾಲಯದ ಹಿಮನದಿಗಳು ಮಾಯವಾಗಬಹುದು ಅಂತು. ಭೂವಿಜ್ಞಾನಿ ವಿ. ಕೆ. ರೈನಾ 2009ರಲ್ಲಿ ಬೇರೆಯದೇ ಚಿತ್ರ ಕೊಟ್ಟರೆ, ಐಪಿಸಿಸಿಯ ಅಧ್ಯಕ್ಷ ಆರ್. ಕೆ. ಪಚೌರಿ ಅದನ್ನ ಮಾಟಮಂತ್ರದ ವಿಜ್ಞಾನ ಅಂತ ಜರೆದರು. 2010ರ ಜನವರಿಯಲ್ಲಿ ಐಪಿಸಿಸಿ ತಾನೇ ತಪ್ಪೊಪ್ಪಿಕೊಂಡಿತು. 2035ಕ್ಕೆ ಗಟ್ಟಿ ಆಧಾರವೇ ಇರಲಿಲ್ಲ.

ನಾವು ಸಾಫ್ಟ್‌ವೇರ್‌ನವರಿಗೆ ಇದು ಗೊತ್ತಿರೋ ರೋಗ. ಸುಳ್ಳು ಅಲರ್ಟ್ ಪದೇ ಪದೇ ಬಂದರೆ ಅದನ್ನ ಮ್ಯೂಟ್ ಮಾಡ್ತೀವಿ. ಸರ್ವರ್ ನಿಜವಾಗಿ ಬೀಳೋದು ಆವಾಗಲೇ. ಹುಲಿ ಬಂತು ಹುಲಿ ಕತೆಯಲ್ಲಿ ನಾವು ಮರೆಯೋದು ಇದನ್ನೇ: ಕೊನೆಗೆ ಹುಲಿ ಬಂದೇ ಬಂತು.

ಹಿಮನದಿಗಳು ಕರಗುತ್ತಿರೋದು ನಿಜ, 2035ಕ್ಕೆ ಮುಗಿಯೋದು ಸುಳ್ಳು. ಅಷ್ಟಕ್ಕೂ ಐರಣಿಯ ಹೊಳೆಗೂ ಹಿಮಾಲಯಕ್ಕೂ ಸಂಬಂಧ ಇಲ್ಲ. ತುಂಗಭದ್ರೆ ಪಶ್ಚಿಮ ಘಟ್ಟದ ಮಳೆ ನಂಬಿದವಳು. ಆ ಮಳೆಯ ಲೆಕ್ಕ ಬೇರೆ ಕಡೆ ಇದೆ. ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿ ಪ್ರಕಾರ 1951ರಿಂದ 2015ರ ನಡುವೆ ದೇಶದ ಮುಂಗಾರು ಮಳೆ ಸುಮಾರು 6% ಇಳಿದಿದೆ. ಈ ಇಳಿಕೆ ಎದ್ದು ಕಾಣೋ ಜಾಗಗಳಲ್ಲಿ ಪಶ್ಚಿಮ ಘಟ್ಟವೂ ಒಂದು. ಬಿಸಿ ಏರಿದ್ದಕ್ಕೆ ಮಳೆ ಹೆಚ್ಚಬೇಕಿತ್ತು, ಗಾಳಿಯಲ್ಲಿ ತೇಲುವ ಹೊಗೆ-ದೂಳಿನ ಕಣಗಳು ಅದನ್ನ ತಡೆದಿವೆ ಅನ್ನುತ್ತೆ ವರದಿ. ಟಿವಿಯಲ್ಲಿ ಕೂಗೋಕೆ ಬರೋ ಸುದ್ದಿ ಅಲ್ಲ ಇದು. ಆದರೆ ಬೋರು ಬತ್ತಿದ ರೈತನಿಗೆ 2035ಕ್ಕಿಂತ ಈ 6% ದೊಡ್ಡದು.

ಹಾಗಾಗಿ ಪ್ರಳಯ ಬಂತು ಅನ್ನೋರಿಗೂ, ಎಲ್ಲಾ ಬೋಗಸ್ ಅನ್ನೋರಿಗೂ ಒಂದೇ ಮೂರು ಪ್ರಶ್ನೆ ಕೇಳಿ. ಯಾವ ಊರಿನ ಮಾತು? ಎಷ್ಟು ವರ್ಷದ ಲೆಕ್ಕ? ಎಷ್ಟು ಖಾತ್ರಿ? ಸ್ಟ್ರೇಚಿ ಕೇಳಿದ್ದೂ ಹೆಚ್ಚುಕಮ್ಮಿ ಇದನ್ನೇ. ಉತ್ತರ ಕೊಡದವರು ಯಾವ ಕಡೆಯವರಾದರೂ ಸರಿ, ಅವರ ಮಾತು ನಂಬಿ ಬಿತ್ತೋಕೆ ಹೋಗಬೇಡಿ.