ಬಾಕ್ಸ್ ಗಿಡದ ಬೇಲಿ, ಗಡಿ ದಾಟಿದ ಹುಳು

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಷ್ಟು ಕಾಲ ದಿನಕ್ಕೆ ನೂರು ಸಲ ‘ಬಾಕ್ಸ್’ ಎಂದವನು ನಾನು. ಕ್ಯಾಶ್ ಬಾಕ್ಸ್, ಸ್ಟಾಂಪಿನ ಬಾಕ್ಸ್, ಮಧ್ಯಾಹ್ನಕ್ಕೆ ಟಿಫಿನ್ ಬಾಕ್ಸ್. ಆ ಮಾತಿನ ಬೇರು ಒಂದು ಗಿಡದಲ್ಲಿದೆ ಎಂದು ತಿಳಿದದ್ದು ನಿವೃತ್ತನಾದ ಮೇಲೆ. ಅದೂ ಒಂದಿಷ್ಟು ಮೋಸಹೋಗಿ.

ಅಂಗಳಕ್ಕೆ ಗಿಡಬೇಲಿ ಹಾಕೋಣವೆಂದು ಹೊಸೂರಿನ ಕಡೆ ಒಂದು ನರ್ಸರಿಗೆ ಹೋಗಿದ್ದೆ. “ಬಾಕ್ಸು ಸಾರ್, ಫಾರಿನ್ ಚೆಡಿ” ಎಂದು ಇಪ್ಪತ್ತು ಸಸಿ ಕಟ್ಟಿಕೊಟ್ಟರು. ಎರಡನೆಯ ಮಳೆಗಾಲಕ್ಕೆ ನೋಡಿದರೆ ಗಿಡದ ತುಂಬ ಬಿಳಿ ಹೂವು, ಬೀದಿಗೆಲ್ಲ ಘಮ. ಅದು ಕಾಮಿನಿ, ನಮ್ಮ ಕರಿಬೇವಿನ ನೆಂಟ! ಇಂಗ್ಲಿಷಿನವರು ಕಾಮಿನಿಗೂ ‘ಚೈನೀಸ್ ಬಾಕ್ಸ್’ ಎನ್ನುವುದುಂಟು. ಹಾಗಾಗಿ ಮಾರಿದವರನ್ನು ಪೂರ್ತಿ ಸುಳ್ಳುಗಾರರೆನ್ನಲಾರೆ. “ಹೂವಾದರೂ ಸಿಕ್ಕಿತಲ್ಲ, ಬಿಡಿ” ಎಂದಳು ಮನೆಯಾಕೆ. ನಾನು ಬಿಡಲಿಲ್ಲ. ನಿಜವಾದ ಬಾಕ್ಸ್ ಯಾವುದೆಂದು ಹುಡುಕಲು ಕುಳಿತೆ.

ಅದು ಯೂರೋಪು, ಕಾಕಸಸ್ ಬೆಟ್ಟಗಳ ಕಡೆಯ ನಿತ್ಯಹಸಿರು ಗಿಡ. ಎಲೆ ಹುಣಸೆ ಎಲೆಗಿಂತ ತುಸು ದೊಡ್ಡದು, ದಪ್ಪ, ಮಿರಮಿರ ಮಿನುಗುತ್ತದೆ. ಗ್ರೀಕರು ಈ ಮರಕ್ಕೆ ‘ಪಿಕ್ಸೋಸ್’ ಎಂದರು. ಅದರಿಂದ ಕಡೆದ ಭರಣಿಗೆ ‘ಪಿಕ್ಸಿಸ್’. ಅದೇ ಲ್ಯಾಟಿನ್ನಿಗೆ ಹೋಗಿ, ಇಂಗ್ಲಿಷಿಗೆ ಬಂದು, ಕೊನೆಗೆ ನನ್ನ ಟಿಫಿನ್ನಿಗೆ ಹೆಸರಾಯಿತು. ಮರ ಎಷ್ಟು ಗಟ್ಟಿಯೆಂದರೆ ನೀರಿಗೆ ಹಾಕಿದರೆ ಮುಳುಗುವುದುಂಟು. ಇಂಗ್ಲೆಂಡಿನ ಥಾಮಸ್ ಬೀವಿಕ್ ಇದರ ಅಡ್ಡಗೊಯ್ತದ ಮೇಲೆ ಉಳಿಯಿಂದ ಹಕ್ಕಿಗಳನ್ನು ಕೆತ್ತಿ 1797ರಲ್ಲಿ ಪುಸ್ತಕ ಅಚ್ಚು ಹಾಕಿಸಿದ. ನಮ್ಮ ಹಿಮಾಲಯದಲ್ಲೂ ಇದರ ದಾಯಾದಿ ಇದೆ. ಜಮ್ಮುವಿನ ರಜೌರಿ ಕಡೆ ಅದನ್ನು ಚಿಕ್ರಿ ಎಂದು ಕರೆದು ಬಾಚಣಿಗೆ, ಸೌಟು ಮಾಡುತ್ತಾರೆ.

ಬೇಲಿಯಾಗಿ ಇದರ ಚರಿತ್ರೆ ರೋಮಿನಿಂದ ನಡೆದುಬಂದಿದೆ. ಸುಮಾರು 1,900 ವರ್ಷಗಳ ಹಿಂದೆ ಕಿರಿಯ ಪ್ಲಿನಿ ಎಂಬ ಗೃಹಸ್ಥ ತನ್ನ ಹಳ್ಳಿಮನೆಯ ತೋಟವನ್ನು ಒಂದು ಕಾಗದದಲ್ಲಿ ವರ್ಣಿಸಿದ್ದಾನೆ. ಬಾಕ್ಸ್ ಗಿಡವನ್ನು ಪ್ರಾಣಿಗಳ ಆಕಾರಕ್ಕೆ ಕತ್ತರಿಸಿದ್ದರಂತೆ. ಅಕ್ಷರಗಳಾಗಿಯೂ ಕತ್ತರಿಸಿ, ಒಡೆಯನ ಹೆಸರನ್ನೂ ಮಾಲಿಯ ಹೆಸರನ್ನೂ ಬರೆದಿದ್ದರಂತೆ. ಮಾಲಿಯ ಹೆಸರನ್ನೂ! ಆ ಒಡೆಯನ ಮೇಲೆ ನನಗೆ ಗೌರವ ಹುಟ್ಟಿತು. ಮುಂದೆ ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ವರ್ಸೈ ಅರಮನೆಯಲ್ಲಿ ಈ ಗಿಡ ರಂಗೋಲಿಯ ಗೆರೆಯಾಯಿತು. ಇಂಗ್ಲೆಂಡಿನಲ್ಲಿ 1702ರಲ್ಲಿ ಪಟ್ಟಕ್ಕೆ ಬಂದ ಆನ್ ರಾಣಿಗೆ ಮಾತ್ರ ಇದರ ವಾಸನೆ ಆಗದು. ಹ್ಯಾಂಪ್ಟನ್ ಕೋರ್ಟ್ ಅರಮನೆಯ ತೋಟದಿಂದ ಕೀಳಿಸಿಯೇಬಿಟ್ಟಳು. ಬೆಕ್ಕಿನ ಮೂತ್ರದ ವಾಸನೆ ಎಂದು ಬಲ್ಲವರು ಹೇಳುತ್ತಾರೆ.

ಸಾಕುವುದು ಹೇಗೆಂದು ಕೇಳೀರಿ. ತಾಳ್ಮೆ ಇದ್ದವರ ಗಿಡ ಇದು; ವರ್ಷಕ್ಕೆ ಒಂದು ಗೇಣೂ ಬೆಳೆಯದು. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಬೇರು ಮೇಲುಮೇಲೇ ಹರಡುವುದರಿಂದ ಬುಡ ಕೆದಕಬಾರದು, ತರಗೆಲೆ ಹೊದಿಸಬೇಕು. ಕತ್ತರಿ ಹಾಕುವುದು ಮೋಡ ಕವಿದ ದಿನ. ಬಿಸಿಲಲ್ಲಿ ಕತ್ತರಿಸಿದರೆ ಒಳಗಿನ ಎಳೆ ಎಲೆ ಸುಟ್ಟುಹೋಗುತ್ತದೆ. ನೀಲಗಿರಿಯ ತಂಪಿಗೆ ಒಗ್ಗೀತು; ಅದೋನಿ, ಸೊಲ್ಲಾಪುರದ ಬಿಸಿಲಿಗೆ ಬೇಡ. ಎಲೆಯಲ್ಲಿ ವಿಷವಿದೆ, ದನಕರು ಬಾಯಿ ಹಾಕದಂತೆ ನೋಡಿಕೊಳ್ಳಬೇಕು.

ಇದನ್ನು ಹೆಚ್ಚಾಗಿ ಬೆಳೆಸುವುದು ಕಡ್ಡಿ ನೆಟ್ಟು. ತೊಂದರೆಯೂ ಅಲ್ಲೇ. ಒಂದೇ ತಾಯಿಯ ಸಾವಿರ ಕಡ್ಡಿ ಎಂದರೆ ಸಾವಿರ ಕಡೆ ಒಂದೇ ಗಿಡ. ಒಂದಕ್ಕೆ ತಗಲಿದ್ದು ಎಲ್ಲಕ್ಕೂ ತಗಲುತ್ತದೆ. 1994ರಲ್ಲಿ ಇಂಗ್ಲೆಂಡಿನ ನರ್ಸರಿಯೊಂದರಲ್ಲಿ ಎಲೆ ಉದುರಿಸುವ ಬೂಷ್ಟಿನ ರೋಗ ಕಂಡಿತು. ಅದರ ಹಿಂದೆಯೇ ಹುಳು ಬಂತು.

ಜರ್ಮನಿಯಲ್ಲಿ ವೈಲ್ ಎಂಬ ಊರಿದೆ, ರೈನ್ ನದಿಯ ದಂಡೆಯಲ್ಲಿ. ನಮ್ಮಂಥದೇ ಗಡಿ ಊರು. ಒಂದು ಮಗ್ಗುಲಿಗೆ ಫ್ರಾನ್ಸು, ಇನ್ನೊಂದು ಮಗ್ಗುಲಿಗೆ ಸ್ವಿಟ್ಸರ್ಲೆಂಡು. ಪೂರ್ವ ಏಷ್ಯದ ಒಂದು ಪತಂಗ ಯೂರೋಪಿನಲ್ಲಿ ಮೊದಲು ಕಂಡದ್ದು ಅಲ್ಲಿ, 2006–07ರ ಸುಮಾರಿಗೆ. ಬಿಳಿ ರೆಕ್ಕೆಗೆ ಕಂದು ಅಂಚು, ನೋಡಲು ಚೆಂದ. ಅದರ ಹಸಿರು ಹುಳು ಬಾಕ್ಸ್ ಎಲೆ ತಿಂದು, ಎಲೆ ಮುಗಿದರೆ ತೊಗಟೆಯನ್ನೂ ಕೆರೆಯುತ್ತದೆ. ಹತ್ತಿರದ ಗ್ರೆನ್ಸಾಕಿನಲ್ಲಿ ಬಾಕ್ಸ್ ಗಿಡಗಳದೇ ಒಂದು ಸಹಜ ಕಾಡಿತ್ತು. 2010ರ ಹೊತ್ತಿಗೆ ಅದು ಬಹುಪಾಲು ಬೋಳಾಯಿತು.

ಇನ್ನೂ ಹೊಟ್ಟೆ ಉರಿಯುವ ಸಂಗತಿ ರಷ್ಯದ ಸೋಚಿಯದು. 2014ರ ಚಳಿಗಾಲದ ಒಲಿಂಪಿಕ್ಸಿಗೆ ಊರನ್ನು ಸಿಂಗರಿಸಲೆಂದು 2012ರಲ್ಲಿ ಇಟಲಿಯಿಂದ ಬಾಕ್ಸ್ ಸಸಿ ತರಿಸಿದರು. ಸಸಿಯ ಜೊತೆ ಹುಳುವೂ ಇಳಿಯಿತು. ಖೋಸ್ತಾ ಎಂಬಲ್ಲಿ ಪಾಚಿ ಹೊದ್ದು ನಿಂತಿದ್ದ ನೂರಾರು ವರ್ಷದ ಬಾಕ್ಸ್ ಮರಗಳು ಕೆಲವೇ ವರ್ಷಗಳಲ್ಲಿ ಒಣಗಿಹೋದವು. ಆಟ ಮುಗಿದು ಬಂದವರೆಲ್ಲ ಮನೆಗೆ ಹೋದರು. ಹುಳು ಪಕ್ಕದ ಅಬ್ಖಾಜಿಯ, ಜಾರ್ಜಿಯಗಳ ಕಾಡಿಗೆ ಹೋಯಿತು. 2021ರಲ್ಲಿ ಕೆನಡಾದಿಂದ ಬಂದ ಸಸಿಗಳ ಜೊತೆ ಅಮೆರಿಕವನ್ನೂ ಮುಟ್ಟಿತು.

ದೂರದ ಕತೆಯೆಂದು ರೇಡಿಯೋ ತಿರುಗಿಸಬೇಡಿ. ತಾಳವಾಡಿ ಸುತ್ತಿನ ಕಾಡಿನಲ್ಲಿ ದನಕ್ಕೆ ಹುಲ್ಲು ಸಿಗದಂತೆ ಹಬ್ಬಿರುವ ಲಂಟಾನವನ್ನೂ ತೋಟದ ಅಂದಕ್ಕೆಂದೇ 1800ರ ದಶಕದ ಮೊದಲಲ್ಲಿ ಕಲ್ಕತ್ತೆಗೆ ತಂದಿದ್ದರು. ಚೆಕ್‌ಪೋಸ್ಟಿನಲ್ಲಿ ಮೂಟೆ ಇಳಿಸಿ ನೋಡುತ್ತಾರೆ, ಸಸಿಯ ಎಲೆ ಮಗುಚಿ ನೋಡಿದವರನ್ನು ನಾನಂತೂ ಕಾಣೆ. ಮೊಟ್ಟೆ ಇರುವುದು ಎಲೆಯ ಅಡಿಯಲ್ಲಿ. ಈಗ ನರ್ಸರಿಗೆ ಹೋದರೆ ಕನ್ನಡಕ ಹಾಕಿಕೊಂಡು ಒಂದೊಂದೇ ಎಲೆ ಮಗುಚುತ್ತೇನೆ. ಹಳೆ ನೋಟು ನೋಡಿದ ಕೈಗೆ ಅದೇನು ಕಷ್ಟವಲ್ಲ. ಅಂಗಡಿಯವರು ಗೊಣಗುತ್ತಾರೆ, ಗೊಣಗಲಿ.

ಕಾಮಿನಿ ಬೇಲಿ ಈಗ ಎದೆಮಟ್ಟ ಬಂದಿದೆ. ಆಚೆ ಮನೆಯವರು ನಾಲ್ಕು ಕಡ್ಡಿ ಕೇಳಿದ್ದಾರೆ. ಮಳೆ ಬೀಳಲಿ, ಎಲೆ ನೋಡಿ ಕೊಡುತ್ತೇನೆಂದು ಹೇಳಿದ್ದೇನೆ.