ಮದಲ ಹಾಡ ಹಚ್ಚ: ಗಡಿ ತಾಲ್ಲೂಕುಗಳಲ್ಲಿ ರೀಲ್ಸ್ ಬೆಳೆದ ಬಗೆ

ಕಬ್ಬಿನ ಹಂಗಾಮಿನಲ್ಲಿ ಕಾಗವಾಡದಿಂದ ಉಗಾರದ ಕಡೆ ಹೊರಟರೆ ಮುಂದೊಂದು ಟ್ರ್ಯಾಕ್ಟರ್ ಇದ್ದೇ ಇರುತ್ತದೆ. ಹಿಂದೆ ಎರಡು ಟ್ರಾಲಿ ತುಂಬ ಕಬ್ಬು, ಇಂಜಿನ್ನಿನ ಸದ್ದನ್ನೂ ಮೀರಿಸುವ ಸ್ಪೀಕರು. ದಾಟಿ ಹೋಗಲು ಜಾಗವಿಲ್ಲದೆ ಹಿಂದೆ ತೆವಳುವವರು ಬೇಕಿರಲಿ ಬೇಡವಿರಲಿ ಒಂದು ಹಾಡನ್ನು ಪೂರ್ತಿ ಕೇಳಲೇಬೇಕು. ಹೀಗೆ ಸಿಕ್ಕ ಟ್ರ್ಯಾಕ್ಟರೊಂದು ಒಮ್ಮೆ ರಸ್ತೆ ಬದಿಗೆ ನಿಂತಿತು. ಜೊತೆಗಿದ್ದ ಹುಡುಗ ಇಳಿದು ಕಿಲೋಮೀಟರ್ ಕಲ್ಲಿಗೆ ಫೋನು ಆನಿಸಿದ. ಜಾರದಿರಲೆಂದು ಕಬ್ಬಿನ ತುಂಡೊಂದನ್ನು ಅಡ್ಡ ಇಟ್ಟ. ಡ್ರೈವರ್ ಕೂಗಿದ: "ಲೇ ತಮ್ಮಾ, ಮದಲ ಹಾಡ ಹಚ್ಚ, ಆಮ್ಯಾಲ ನಾ ಹತ್ತತೀನಿ." ಹತ್ತು ಸೆಕೆಂಡಿನ ತುಣುಕಿಗಾಗಿ ಅವನು ಮೂರು ಸಲ ಹತ್ತಿ ಇಳಿದ. ಮೂರನೆಯದರಲ್ಲಿ ಕಾಲು ಮೆಟ್ಟಿಲಿಗೆ ಬಿದ್ದದ್ದೂ ಡೊಳ್ಳಿನ ಪೆಟ್ಟು ಬಿದ್ದದ್ದೂ ಒಟ್ಟಿಗೇ ಆಯಿತು. ಇಬ್ಬರೂ ನಕ್ಕರು, ಟ್ರ್ಯಾಕ್ಟರು ಮುಂದೆ ಹೋಯಿತು.

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಿರುವಿಡಿಯೊಗಳ ಗುಟ್ಟು ಆ ಡ್ರೈವರನ ಮಾತಿನಲ್ಲಿದೆ. ಬೇರೆ ಕಡೆ ವಿಡಿಯೊ ಮಾಡಿ ಅದಕ್ಕೊಂದು ಹಾಡು ಹುಡುಕುತ್ತಾರೆ. ಇಲ್ಲಿ ಹಾಡು ಮೊದಲು, ಚಿತ್ರ ಅದರ ಬೆನ್ನಿಗೆ. ಈ ಸೀಮೆಯ ರೀಲ್ಸ್ ಹುಟ್ಟಿದ್ದು ಕಿವಿಯಲ್ಲಿ ಎಂದೇ ನನ್ನ ಲೆಕ್ಕ.

ಹಳೆಯ ಜಾತ್ರೆಗಳನ್ನು ನೆನೆಸಿಕೊಂಡರೆ ಇದು ತಿಳಿಯುತ್ತದೆ. ಗೀಗೀ ಮೇಳದವರ ಎದುರು ಇರುತ್ತಿದ್ದುದು ಟಿಕೆಟ್ ಕೊಂಡು ಕೂತ ಪ್ರೇಕ್ಷಕರಲ್ಲ, ಮಿಠಾಯಿ ಅಂಗಡಿಗೂ ತೊಟ್ಟಿಲಿಗೂ ನಡುವೆ ಒಂದು ಗಳಿಗೆ ನಿಂತ ಜನ. ದಪ್ಪು, ತುಂತುಣಿಯ ಸದ್ದು ಅವರನ್ನು ಹಿಡಿದು ನಿಲ್ಲಿಸದಿದ್ದರೆ ಮುಗಿಯಿತು. ಗಂಡು ಹೆಚ್ಚೆಂದು ಹರದೇಶಿಯವರು ಹಾಡಿದರೆ ಹೆಣ್ಣು ಹೆಚ್ಚೆಂದು ನಾಗೇಶಿಯವರು ಉತ್ತರ ಕೊಡಬೇಕು. ಟಿಕ್‌ಟಾಕ್‌ನ ಡ್ಯುಯೆಟ್, ಅಂದರೆ ಒಬ್ಬರ ವಿಡಿಯೊ ಪಕ್ಕಕ್ಕೆ ಇನ್ನೊಬ್ಬರು ತಮ್ಮದನ್ನು ಜೋಡಿಸುವ ಪದ್ಧತಿ, ಈ ಊರುಗಳಿಗೆ ಹೊಸದಾಗಿ ಕಾಣಲಿಲ್ಲವೆಂದರೆ ಅದಕ್ಕೆ ಕಾರಣ ಇದು. ಡೊಳ್ಳಿನ ಹಾಡಿಕೆ, ಚೌಡಕಿ ಪದ, ಕುಲಗೋಡ ತಮ್ಮಣ್ಣ ಬೆಳೆಸಿದ ಶ್ರೀಕೃಷ್ಣ ಪಾರಿಜಾತ, ಎಲ್ಲವೂ ಬಯಲಲ್ಲಿ ಜನರನ್ನು ಹಿಡಿದು ಕೂರಿಸುವ ವಿದ್ಯೆಯೇ. ಆಮೇಲೆ ಕ್ಯಾಸೆಟ್ ಬಂತು, ಸಿಡಿ ಬಂತು. ಅದರ ನಂತರ ಮೊಬೈಲ್ ಅಂಗಡಿಯವನು ಹತ್ತಿಪ್ಪತ್ತು ರೂಪಾಯಿಗೆ ಮೆಮೊರಿ ಕಾರ್ಡಿಗೆ ಹಾಡು ತುಂಬಿ ಕೊಡುವ ಕಾಲ. ಅವನೇ ನಮ್ಮ ಮೊದಲ ಅಲ್ಗಾರಿದಮ್. ಗಿರಾಕಿ ಡ್ರೈವರನೋ, ಗೌಂಡಿಯೋ, ಕಾಲೇಜು ಹುಡುಗನೋ ಎಂದು ಮುಖ ನೋಡಿಯೇ ಹಾಡು ಆರಿಸುತ್ತಿದ್ದ.

2016ರ ಸೆಪ್ಟೆಂಬರ್ 5ರಂದು ಜಿಯೊ ಶುರುವಾಯಿತು, ಡೇಟಾ ಅಗ್ಗವಾಯಿತು. 2017ರ ಫೆಬ್ರುವರಿಯಲ್ಲಿ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ವಿಡಿಯೊ ಇಡುವ ಸೌಲಭ್ಯ ಬಂತು. ಈ ಭಾಗದ ಕಿರುವಿಡಿಯೊ ಇತಿಹಾಸ ಬರೆಯುವವರು ಟಿಕ್‌ಟಾಕ್‌ನಿಂದ ಶುರುಮಾಡುತ್ತಾರೆ, ಅದು ತಪ್ಪು. ಜನರಿಗೆ ಅರ್ಧ ನಿಮಿಷದ ಅಳತೆ ಕಲಿಸಿದ್ದು ಸ್ಟೇಟಸ್. ಹುಟ್ಟುಹಬ್ಬ, ಹೊಸ ಗಾಡಿ, ತೀರಿಹೋದ ಅಜ್ಜನ ಫೋಟೊ, ಎಲ್ಲಕ್ಕೂ ಒಂದು ಹಾಡಿನ ತುಂಡು. "ಸ್ಟೇಟಸ್ ಇಡೂ ಹಾಡ" ಎಂಬ ಹೊಸ ಜಾತಿಯೇ ಹುಟ್ಟಿತು. ಹಾಡು ಕಟ್ಟುವವರೂ ಮೂವತ್ತು ಸೆಕೆಂಡಿಗೆ ಕತ್ತರಿಸಿಕೊಳ್ಳಲು ಬರುವಂಥ ಪಲ್ಲವಿ ಹೊಸೆಯತೊಡಗಿದರು.

2018ರ ಆಗಸ್ಟಿನಲ್ಲಿ ಮ್ಯೂಸಿಕಲಿ ಟಿಕ್‌ಟಾಕ್‌ನೊಳಗೆ ಕರಗಿದ ಮೇಲೆ ಎಲ್ಲರ ಕೈಗೂ ಒಂದು ರಂಗಮಂಚ ಸಿಕ್ಕಿತು. ಕಬ್ಬಿನ ಗ್ಯಾಂಗಿನವರು, ಬೀಡಿ ಕಟ್ಟುವ ಹೆಂಗಸರು, ಸಲೂನಿನ ಹುಡುಗರು ಅಲ್ಲಿ ಕಾಣಿಸಿಕೊಂಡರು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಆ ರಂಗಮಂಚ ರಾತ್ರೋರಾತ್ರಿ ಮಾಯವಾಯಿತು. ನನಗೆ ಗೊತ್ತಿರುವ ಕುಡಚಿಯ ಗ್ಯಾರೇಜ್ ಹುಡುಗನೊಬ್ಬ ತನ್ನ ಇನ್ನೂರಕ್ಕೂ ಹೆಚ್ಚು ವಿಡಿಯೊಗಳಲ್ಲಿ ಒಂದನ್ನೂ ಫೋನಿನಲ್ಲಿ ಉಳಿಸಿಕೊಂಡಿರಲಿಲ್ಲ. "ಮನೀನ ಹರಕೊಂಡ ಹೋತ್ರಿ ಕಾಕಾ" ಅಂದಿದ್ದ, ಹಿಂದಿನ ವರ್ಷದ ನೆರೆಗೆ ಮನೆ ಕಳೆದುಕೊಂಡವರ ಮಾತನ್ನೇ ಹಿಡಿದು.

ಜಾಗ ಖಾಲಿ ಇದ್ದದ್ದು ಕೆಲವೇ ದಿನ. ಜುಲೈಯಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ತಂದಿತು, ಬೆಂಗಳೂರಿನ ಕಂಪನಿಗಳಿಂದ ಮೋಜ್, ಜೋಶ್ ಬಂದವು, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಪ್ರಯೋಗ ಭಾರತದಲ್ಲೇ ಶುರುವಾಯಿತು. ಕೊನೆಗೆ ಇಲ್ಲಿ ನಿಂತದ್ದು ರೀಲ್ಸ್ ಮತ್ತು ಶಾರ್ಟ್ಸ್. ಹದಿನೈದು ಸೆಕೆಂಡಿನಿಂದ ಹೊರಟ ರೀಲ್ಸ್ 2025ರ ಹೊತ್ತಿಗೆ ಮೂರು ನಿಮಿಷಕ್ಕೆ ಬೆಳೆಯಿತು. ಮೂರು ನಿಮಿಷ ಕೊಟ್ಟರೂ ನಮ್ಮ ಹುಡುಗರು ಮೂವತ್ತು ಸೆಕೆಂಡು ದಾಟುವುದು ಅಪರೂಪ, ಜಾಣತನವೇ ಅದು.

ಈ ಬೆಳವಣಿಗೆಯ ತುತ್ತತುದಿಯಲ್ಲಿ ನಿಲ್ಲುವ ಹೆಸರು ಹಾಡುಗಾರ ಮಾಳು ನಿಪನಾಳ. ನಿಪನಾಳ ಎಂದರೆ ನಿಪ್ಪಾಣಿಯಲ್ಲ, ರಾಯಬಾಗ ತಾಲ್ಲೂಕಿನ ಹಳ್ಳಿ. ಬೆಂಗಳೂರಿನ ಕಡೆಯವರು ಎರಡನ್ನೂ ಕಲಸಿಬಿಡುತ್ತಾರೆ. ಅವರ 'ನಾ ಡ್ರೈವರಾ' ಹಾಡು ಯೂಟ್ಯೂಬಿನಲ್ಲಿ ಕೋಟಿಗಟ್ಟಲೆ ಸಲ ಓಡಿತು. ಆದರೆ ಅದನ್ನು ಊರೂರಿಗೆ ಒಯ್ದದ್ದು ಹಾಡಿನ ಮೂಲ ವಿಡಿಯೊ ಅಷ್ಟೇ ಅಲ್ಲ. ಅದರ ಒಂದು ತುಂಡಿಗೆ ಟೆಂಪೊ, ಲಾರಿ, ಟ್ರ್ಯಾಕ್ಟರಿನವರು ತಮ್ಮ ತಮ್ಮ ಗಾಡಿ ಮುಂದೆ ನಿಂತು ಮಾಡಿದ ರೀಲ್ಸ್ ಲೆಕ್ಕಕ್ಕೆ ಸಿಗುವುದಿಲ್ಲ. ಒಂದು ಹಾಡು, ಸಾವಿರ ನಾಯಕರು. 2025ರ ಸೆಪ್ಟೆಂಬರಿನಲ್ಲಿ ಶುರುವಾದ ಬಿಗ್ ಬಾಸ್ ಕನ್ನಡದ 12ನೇ ಸೀಸನ್ನಿಗೆ ಮಾಳು ಹೋದಾಗ ರಾಯಬಾಗದವರಿಗೆ ಅವರ ಪರಿಚಯ ಹೇಳಬೇಕಾಗಿರಲಿಲ್ಲ, ಹೇಳಬೇಕಾದದ್ದು ಬೆಂಗಳೂರಿಗೆ.

ಈ ಗೆಲುವಿನಲ್ಲಿ ಭಾಷೆಯ ಪಾಲು ದೊಡ್ಡದು. ಸಿನಿಮಾದವರು ಬಹುಕಾಲ ಉತ್ತರ ಕರ್ನಾಟಕದ ಮಾತನ್ನು ನಗಿಸಲಿಕ್ಕೆ ಮಾತ್ರ ಬಳಸಿದರು. ಪ್ರೀತಿ ಮಾಡುವವನು ಮೈಸೂರು ಸೀಮೆಯ ಕನ್ನಡದಲ್ಲೇ ಮಾಡಬೇಕಿತ್ತು. ಈ ನೆಲದ ಮಾತಿಗೆ ಕಾದಂಬರಿಯಲ್ಲಿ ಗೌರವ ತಂದುಕೊಟ್ಟ ಮಿರ್ಜಿ ಅಣ್ಣಾರಾಯರು ಇಲ್ಲೇ ಶೇಡಬಾಳದವರು. ಈಗ ಅದೇ ಮಾತಿನಲ್ಲಿ ಹುಡುಗ ಅಳುತ್ತಾನೆ, ಹುಡುಗಿ ಬೈಯುತ್ತಾಳೆ, ಹಾಸನದವರೂ ಕೇಳುತ್ತಾರೆ. ಹೆಚ್ಚು ಜನ ನೋಡಲೆಂದು ಮಾತು ತಿದ್ದಿಕೊಂಡವರನ್ನೂ ಕಂಡಿದ್ದೇನೆ. ತಿದ್ದಿಕೊಂಡ ಕನ್ನಡಕ್ಕೆ ನಮ್ಮೂರಲ್ಲೂ ನೋಡುವವರು ಸಿಗಲಿಲ್ಲ, ಬೆಂಗಳೂರಲ್ಲೂ ಸಿಗಲಿಲ್ಲ. ನಿಪ್ಪಾಣಿಯವರ ಗೊಂದಲ ಬೇರೆ: ಕನ್ನಡದಲ್ಲಿ ಮಾಡಬೇಕೋ ಮರಾಠಿಯಲ್ಲೋ? ಮನೆಯಲ್ಲಿ ಒಂದು, ಪೇಟೆಯಲ್ಲಿ ಒಂದು. ಕೆಲವರು ಮಾತೇ ಆಡದೆ ಎತ್ತಿನ ಗಾಡಿ ಶರ್ಯತ್ತು ತೋರಿಸುತ್ತಾರೆ. ಖಿಲಾರಿ ಎತ್ತು ಓಡುವುದಕ್ಕೆ ಯಾವ ಭಾಷೆ ಬೇಕು? ಕೊಲ್ಹಾಪುರ, ಸಾಂಗಲಿಯವರೂ ನೋಡುತ್ತಾರೆ.

ಇನ್ನು ಕೈಚಳಕ. ಇಲ್ಲಿಯ ಹುಡುಗರು "ಎಲ್ಲರಿಗೂ ನಮಸ್ಕಾರ" ಎಂದು ಶುರುಮಾಡುವುದನ್ನು ಎಂದೋ ಬಿಟ್ಟರು. ಮೊದಲ ಮೂರು ಸೆಕೆಂಡಿನಲ್ಲಿ ಬೆರಳು ಮೇಲೆ ತಳ್ಳಿದರೆ ಆ ವಿಡಿಯೊ ಸತ್ತಂತೆ. ಆದ್ದರಿಂದ ಜಗಳದ ಕಥೆಯಾದರೆ ಏಟಿನಿಂದಲೇ ಆರಂಭ, ಅಡುಗೆಯಾದರೆ ಎಣ್ಣೆಗೆ ಬೀಳುವ ಸಾಸಿವೆಯ ಸದ್ದಿನಿಂದ. ಕೊನೆಯನ್ನು ಮೊದಲಿಗೆ ಹೊಂದುವಂತೆ ಕತ್ತರಿಸಿದರೆ ನೋಡುವವನಿಗೆ ಮುಗಿದದ್ದೇ ತಿಳಿಯದೆ ಎರಡನೇ ಸುತ್ತು ಓಡುತ್ತದೆ. ಎಡಿಟಿಂಗ್ ಎಲ್ಲ ಫೋನಿನಲ್ಲೇ, ಕೈನ್‌ಮಾಸ್ಟರ್ ಅಥವಾ ಇನ್‌ಶಾಟ್‌ನಲ್ಲಿ. ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಭಂಡಾರ ಹಾರುವ ಗಳಿಗೆಯನ್ನು ನಿಧಾನಗತಿಗೆ ಇಳಿಸಿ, ಅದರ ಮೇಲೆ ಡೊಳ್ಳು ಕೂರಿಸುತ್ತಾರೆ. ಹಳದಿ ಮೋಡ ಏಳುವುದಕ್ಕೂ ಪೆಟ್ಟು ಬೀಳುವುದಕ್ಕೂ ಕೂದಲೆಳೆಯ ವ್ಯತ್ಯಾಸವಾದರೂ ಮತ್ತೆ ಕೂರುತ್ತಾರೆ.

ಹಾಡಿಲ್ಲದೆ ಗೆದ್ದ ವಿಡಿಯೊವೂ ಉಂಟು, ಅಥಣಿಯ ಚಪ್ಪಲಿಯದು. ಉಳಿ ಚರ್ಮ ಕತ್ತರಿಸುವ ಸದ್ದು, ಹೆಂಗಸರ ಬೆರಳು ಪಟ್ಟಿ ಹೆಣೆಯುವ ನೋಟ, ಅಷ್ಟೇ. ಕೊಲ್ಹಾಪುರಿ ಎಂದು ಹೆಸರಾದ ಈ ಚಪ್ಪಲಿಯ ಜಿಐ (ಭೌಗೋಳಿಕ ಗುರುತು) ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಸೇರಿವೆ. 2025ರ ಜೂನಿನಲ್ಲಿ ಮಿಲಾನ್‌ನ ವೇದಿಕೆಯಲ್ಲಿ ಪ್ರಾಡಾ ಕಂಪನಿ ಮೂಲ ಹೇಳದೆ ಅಂಥದೇ ಚಪ್ಪಲಿ ತೋರಿಸಿದಾಗ ಸಿಟ್ಟು ಮೊದಲು ಹೊತ್ತಿಕೊಂಡದ್ದು ಫೋನುಗಳಲ್ಲಿ. ಎಲ್ಲರ ಬಾಯಲ್ಲೂ ಕೊಲ್ಹಾಪುರದ ಹೆಸರೊಂದೇ ಇದ್ದಾಗ, ಇದನ್ನು ಮಾಡುವವರು ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದಲ್ಲೂ ಇದ್ದಾರೆಂದು ಸಚಿವ ಪ್ರಿಯಾಂಕ್ ಖರ್ಗೆ ನೆನಪಿಸಬೇಕಾಯಿತು. ಡಿಸೆಂಬರಿನಲ್ಲಿ ಪ್ರಾಡಾ, ಚರ್ಮೋದ್ಯಮ ನಿಗಮಗಳಾದ ಮಹಾರಾಷ್ಟ್ರದ ಲಿಡ್‌ಕಾಂ ಮತ್ತು ನಮ್ಮ ಲಿಡ್ಕರ್ ಜೊತೆ ಒಪ್ಪಂದಕ್ಕೆ ಬಂತು.

ದುಡ್ಡಿನ ಮಾತು ಬಂದರೆ ಉತ್ಸಾಹ ಇಳಿಯುತ್ತದೆ. 2023ರ ಫೆಬ್ರುವರಿಯಿಂದ ಯೂಟ್ಯೂಬ್ ಶಾರ್ಟ್ಸ್‌ನ ಜಾಹೀರಾತಿನ ಪಾಲು ಕೊಡುತ್ತಿದೆ, ವಿಡಿಯೊ ಮಾಡುವವರಿಗೆ ಹಂಚಲೆಂದು ತೆಗೆದಿಟ್ಟ ಮೊತ್ತದಲ್ಲಿ ಶೇ 45. ಶಾರ್ಟ್ಸ್ ಮಾತ್ರ ಮಾಡುವವರಿಗೆ ಅದಕ್ಕೆ ಸಾವಿರ ಚಂದಾದಾರರ ಜೊತೆಗೆ ತೊಂಬತ್ತು ದಿನಗಳಲ್ಲಿ ಒಂದು ಕೋಟಿ ವ್ಯೂಸ್ ಬೇಕು. 2025ರ ಮಾರ್ಚ್ 31ರಿಂದ ವಿಡಿಯೊ ಶುರುವಾದರೆ ಸಾಕು, ಶಾರ್ಟ್ಸ್‌ನಲ್ಲಿ ಒಂದು ವ್ಯೂ ಅಂತ ಎಣಿಸುತ್ತಾರೆ. ಸಂಖ್ಯೆ ಉಬ್ಬಿತು, ದುಡ್ಡು ಉಬ್ಬಲಿಲ್ಲ. ಹೆಚ್ಚಿನವರ ನಿಜವಾದ ಗಳಿಕೆ ಸೀರೆ ಅಂಗಡಿ, ಢಾಬಾ, ಟ್ರ್ಯಾಕ್ಟರ್ ಶೋರೂಮಿನ ಪ್ರಚಾರದಿಂದ. ನಡುವೆ ಹಣ ಕಟ್ಟಿ ಆಡುವ ಗೇಮಿಂಗ್ ಆ್ಯಪ್‌ಗಳ ಜಾಹೀರಾತು ಮಾಡಿ ಕೆಲವರು ಬೇಗ ದುಡ್ಡು ಕಂಡರು. 2025ರ ಆಗಸ್ಟಿನ ಕೇಂದ್ರ ಕಾಯ್ದೆ ಅಂಥ ಆಟವನ್ನೂ ಅದರ ಜಾಹೀರಾತನ್ನೂ ನಿಷೇಧಿಸಿದೆ. ತಮ್ಮನ್ನು ನಂಬಿ ನೋಡುವ ಊರ ಹುಡುಗರನ್ನೇ ಜೂಜಿಗೆ ಹಚ್ಚಿದ್ದನ್ನು ನಾನಂತೂ ಕ್ಷಮಿಸಲಾರೆ.

ಮಳೆಗಾಲದ ವಿಡಿಯೊಗಳದ್ದು ಬೇರೆಯೇ ಕಥೆ. ಜುಲೈ ಬಂತೆಂದರೆ ಕಲ್ಲೋಳ-ಯಡೂರ, ಜತ್ರಾಟ-ಭಿವಶಿ, ಮಲಿಕವಾಡ-ದತ್ತವಾಡ ಸೇತುವೆಗಳ ಮೇಲೆ ನೀರು ಬಂದಿತೇ ಎಂದು ಜನ ಮೊದಲು ನೋಡುವುದು ಫೋನನ್ನೇ. ಸೇತುವೆ ಪಕ್ಕದ ಹಳ್ಳಿಯ ಹುಡುಗ ತೆಗೆದ ಇಪ್ಪತ್ತು ಸೆಕೆಂಡಿನ ವಿಡಿಯೊ ಹಾಲಿನ ಗಾಡಿಯವನಿಗೂ ಶಾಲೆ ಮಾಸ್ತರರಿಗೂ ದಾರಿ ಹೇಳುತ್ತದೆ. ಇಷ್ಟು ಉಪಯೋಗದ ವಿಡಿಯೊ ಈ ಸೀಮೆಯಲ್ಲಿ ಬೇರೊಂದಿಲ್ಲ. ಆದರೆ 2019ರ ಆಗಸ್ಟಿನ ನೆರೆಯ ತುಣುಕನ್ನೇ ಈಗಿನದೆಂದು, ಎದೆ ನಡುಗಿಸುವ ಹಾಡು ಹಚ್ಚಿ ಬಿಡುವವರೂ ಇದ್ದಾರೆ. ಅಂಥದೊಂದನ್ನು ನಂಬಿ ನಮ್ಮ ಮನೆಯವರು ಒಂದು ರಾತ್ರಿ ದನ ಬಿಚ್ಚಿಕೊಂಡು ಎತ್ತರದ ಹೊಲಕ್ಕೆ ನಡೆದಿದ್ದರು. ಬೆಳಗ್ಗೆ ನೋಡಿದರೆ ಹೊಳೆ ದಂಡೆಯೊಳಗೇ ಇತ್ತು. ಹೊಳೆಯ ವಿಡಿಯೊ ಹಾಕುವ ತಮ್ಮಂದಿರೇ, ತಂಗಿಯರೇ, ಅದಕ್ಕೊಂದಕ್ಕೆ ಹಾಡು ಬೇಡ. ಊರು, ತಾರೀಖು, ಹೊತ್ತು ಮೂರನ್ನೂ ಮೊದಲ ಮೂರು ಸೆಕೆಂಡಿನಲ್ಲೇ ಬಾಯಿಬಿಟ್ಟು ಹೇಳಿ.